ಗೂಟಕ್ಕೆ ತೂಗಿದ ಪ್ರಯಾಣ

ಸತ್ಯನಾರಾಯಣಪೇಟೆಯ ನಮ್ಮ ಹಳೆಯ ಮನೆಗೆ ಮೊನ್ನೆ ಸುಣ್ಣ ಬಳಿಸಲು ಹೋಗಿದ್ದೆ. ಬಾಡಿಗೆಗೆ ಒಂದು ಸಣ್ಣ ಸಂಸಾರ ಬರುವುದಿದೆ. ಕೆಲವು ವರ್ಷಗಳಿಂದ ಮುಚ್ಚಿದ್ದ ಬಾಗಿಲು, ಕೀಲಿ ತಿರುಗಲು ಎಣ್ಣೆ ಬೇಕಾಯಿತು. ಧೂಳು, ಇಲಿ, ಹಳೆಯ ಪೇಪರು, ಇವುಗಳ ವಾಸನೆಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಆದರೆ ಪಡಸಾಲೆಗೆ ಕಾಲಿಟ್ಟಾಗ ಬಂದದ್ದು ಅರಿಶಿನ ಹಚ್ಚಿದ ಅಕ್ಕಿಯ ವಾಸನೆ, ಅದರ ಹಿಂದೆಯೇ ಒಣಕೊಬ್ಬರಿಯದು. ಎಲ್ಲಿಂದ ಬಂತು ಎಂದು ಹುಡುಕುವ ಅಗತ್ಯ ನನಗಿರಲಿಲ್ಲ. ಬಾಗಿಲಿಗೆ ಎದುರಾಗಿ ಗೋಡೆಯಲ್ಲಿ ಒಂದು ಮರದ ಗೂಟವಿದೆ. ಅದರ ಕೆಳಗೆ ಗೋಡೆಯ ಮೇಲೆ ಮಬ್ಬು ಹಳದಿಯ ಕಲೆ ಇನ್ನೂ ಹಾಗೇ ಇತ್ತು.

ಸುಣ್ಣದವನು ಕುರುಗೋಡಿನ ಹುಸೇನಪ್ಪ. ಕಲೆಯನ್ನು ಉಗುರಿನಿಂದ ಕೆರೆದು ನೋಡಿ, ಗೂಟವನ್ನು ಹಿಡಿದು ಅಲ್ಲಾಡಿಸಿದ.

"ಮೇಡಂ, ಈ ಗೂಟ ಕಿತ್ತು ಮೆತ್ತಿಬಿಡ್ಲೇನ್ರಿ? ಈಗಿನವ್ರು ಯಾರು ಗೂಟಕ್ಕ ಏನ್ ಹಾಕ್ತಾರ? ಗ್ವಾಡಿ ಸಾಪ್ ಆಗತೈತಿ."

"ಸ್ವಲ್ಪ ತಡಿಯಪ್ಪ, ಚಾ ಕುಡಿದು ಬಾ ಹೋಗು" ಎಂದೆ. ಅವನು ಹೋದ ಮೇಲೆ ನೆಲದ ಮೇಲೇ ಕೂತೆ. ಆ ಗೂಟಕ್ಕೆ ಒಂದು ವರ್ಷಕ್ಕೂ ಮಿಗಿಲಾಗಿ ಒಬ್ಬ ಹೆಂಗಸಿನ ಪ್ರಯಾಣ ತೂಗುಬಿದ್ದಿತ್ತು. ಅದರ ಕೆಳಗೇ ನನ್ನ ಅಮ್ಮ ಸತ್ತಳು.

ನಾನು ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಆಗ ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಂಗ್ಲಿಷ್ ಕಲಿಸುವವರಿಗೆ ಸರಕಾರಗಳ ಇಂಗ್ಲಿಷೂ ಬರುತ್ತದೆ ಎಂದು ನಮ್ಮ ಕಡೆಯ ಜನ ನಂಬಿದ್ದಾರೆ. ಅದು ಬೇರೆಯೇ ಭಾಷೆ ಎಂದರೆ ಮೇಡಂಗೆ ಸೊಕ್ಕು ಅಂದುಕೊಳ್ಳುತ್ತಾರೆ. ಬಾದನಹಟ್ಟಿಯ ಹನುಮಂತಪ್ಪ ಎಂಬ ರೈತನ ಮಗಳು ನರ್ಸ್. ಹೊರದೇಶವೊಂದರಲ್ಲಿ ಕಾಯಂ ಆಗಿ ನೆಲೆಸಲು ಅವಳಿಗೆ ಮಂಜೂರಾದಾಗ ಆ ಪತ್ರವನ್ನು ಓದಿ ಹೇಳಿದ್ದೆ. ಅಷ್ಟೇ ಸಾಕಾಯಿತು. ಸಿರುಗುಪ್ಪ, ಕುರುಗೋಡು, ಮೋಕದ ಕಡೆ ಯಾರ ಮನೆಗೆ ವೀಸಾದ ಕಾಗದ ಬಂದರೂ ಅದರ ಫೋಟೋ ನನ್ನ ಫೋನಿಗೆ ಬರತೊಡಗಿತು. ಬಿಡುವಿನ ವೇಳೆಯ ಪರೋಪಕಾರ ಅಂದುಕೊಂಡಿದ್ದೆ. ಆಮೇಲೆ ಕೊರೊನಾ ಬಂತು.

ಆ ವರ್ಷದ ಆದೇಶಗಳನ್ನು ಓದಿದವರಿಗಷ್ಟೇ ಗೊತ್ತು. ಆ ದೇಶದ್ದೊಂದು, ನಮ್ಮ ದೇಶದ್ದೊಂದು, ವಿಮಾನದವರದೊಂದು, ಕೊನೆಗೆ ಜಿಲ್ಲೆ ದಾಟಲು ಪಾಸಿನದೊಂದು. ಒಂದು ಬಾಗಿಲು ತೆರೆದಿದೆ ಎಂದು ಓದುವಷ್ಟರಲ್ಲಿ ಇನ್ನೊಂದು ಮುಚ್ಚಿರುತ್ತಿತ್ತು. ಸೋಮವಾರ ಹೇಳಿದ್ದನ್ನು ಗುರುವಾರ ನಾನೇ ಅಲ್ಲಗಳೆಯಬೇಕಾಗುತ್ತಿತ್ತು. ಹನುಮಂತಪ್ಪ ಗದ್ದೆಯ ಬದುವಿನ ಮೇಲೆ ನಿಂತು ಫೋನ್ ಮಾಡುತ್ತಿದ್ದ. ಪಂಪಿನ ಸದ್ದು ಕೇಳುತ್ತಿತ್ತು.

"ಅದೆಲ್ಲಾ ಬ್ಯಾಡ್ರಿ ಮೇಡಂ. ಒಂದ ಮಾತಿನ್ಯಾಗ ಹೇಳ್ರಿ. ನಮ್ಮ ಹುಡುಗಿ ಹೋಗಾಕ ಬರತೈತ್ಯಾ, ಇಲ್ಲಾ?"

"ಹೋಗಬಹುದು ಅಂತ ಐತಿ ಹನುಮಂತಪ್ಪ, ಆದರೆ ಅದಕ್ಕೆ..."

"ಆದರ ಅಂದ್ರ ಇಲ್ಲ ಅಂತ ತಿಳ್ಕೊಂತೀನಿ ಬಿಡ್ರಿ."

ಅವನಷ್ಟು ಸರಿಯಾಗಿ ಆ ಆದೇಶಗಳನ್ನು ನಾನೂ ಓದಿರಲಿಲ್ಲ ಅನಿಸುತ್ತದೆ. ಅವನ ಮಗಳು ಕೊನೆಗೆ ಬಳ್ಳಾರಿಯಲ್ಲೇ ಕೆಲಸಕ್ಕೆ ಸೇರಿ, ಹೋಗುವ ಮಾತನ್ನೇ ಬಿಟ್ಟಳು.

ಬಿಡಲಾರದವಳು ವೃಂದಾ. ನಮ್ಮ ಓಣಿಯ ಕೊನೆಯ ಮನೆಯ ಶ್ರೀಪಾದರಾಯರ ಮಗಳು. ರಾಯರು ಗುಮಾಸ್ತರಾಗಿ ನಿವೃತ್ತರಾದವರು, ಪಂಚಾಂಗ ನೋಡದೆ ಕ್ಷೌರವನ್ನೂ ಮಾಡಿಸಿಕೊಳ್ಳದವರು. ವೃಂದಾಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಅಕ್ಕಿ ಗಿರಣಿಯ ಪಕ್ಕದ ಮನೆ, ಸದಾ ಹೊಟ್ಟಿನ ಧೂಳು. ಅಲ್ಲಿ ಏನು ನಡೆಯಿತೆಂದು ಅವಳು ಯಾರಿಗೂ ಪೂರ್ತಿ ಹೇಳಲಿಲ್ಲ. ಒಂದು ದಿನ ಮದುವೆಯಲ್ಲಿ ಒಯ್ದಿದ್ದ ಕಬ್ಬಿಣದ ಪೆಟ್ಟಿಗೆಯ ಸಮೇತ ಟಂಟಂ ಆಟೋದಲ್ಲಿ ಬಂದು ತವರಿನ ಮುಂದೆ ಇಳಿದಳು. ಓಣಿಗೆ ಓಣಿಯೇ ಕಿಟಕಿಯಲ್ಲಿ ನಿಂತು ಆ ಪೆಟ್ಟಿಗೆ ಒಳಗೆ ಹೋಗುವುದನ್ನು ನೋಡಿತು. ನಾನೂ ನೋಡಿದೆ. ಆಮೇಲೆ ಅವಳು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ, ಪರೀಕ್ಷೆ ಬರೆದು, ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ತನ್ನ ಸ್ವಂತ ಕಸುಬಿನ ಮೇಲೆ ಹೊರದೇಶಕ್ಕೆ ಮಂಜೂರಾತಿ ಪಡೆದಳು. ಯಾವ ದೇಶ ಎಂಬುದು ಬೇಡ. ಆ ವರ್ಷ ಎಲ್ಲ ದೇಶಗಳೂ ಒಂದೇ ಥರ ಬಾಗಿಲು ಹಾಕಿಕೊಂಡವು.

ಶಿವರಾತ್ರಿ ಕಳೆದ ಮೇಲೆ 'ಪಾಸ್‌ಪೋರ್ಟ್ ಕಳಿಸಿ' ಎಂದು ಆ ದೇಶದವರ ಮೇಲ್ ಬಂತು. ಅಂದರೆ ಬಹುತೇಕ ಆದ ಹಾಗೆಯೇ. ಟಿಕೆಟ್ಟು ಮಾರ್ಚ್ ಕೊನೆಗೆ. ಆದರೆ ರಾಯರ ಮನೆಯ ಆಚಾರ್ಯರು ಪಂಚಾಂಗ ನೋಡಿ, ಅವಳ ನಕ್ಷತ್ರಕ್ಕೆ ಹೋಳಿಗೆ ಮುಂಚಿನ ಒಂದು ಬೆಳಿಗ್ಗೆ ಬಿಟ್ಟರೆ ಹೊರಡಲು ಒಳ್ಳೆಯ ಹೊತ್ತಿಲ್ಲ ಅಂದರು. ಅದಕ್ಕೆ ನಮ್ಮಲ್ಲಿ ಉಪಾಯವಿದೆ. ಹೊರಡುವವರು ಹೊರಡಲಾಗದಿದ್ದರೆ, ಆ ಒಳ್ಳೆಯ ಹೊತ್ತಿನಲ್ಲಿ ಅವರ ಒಂದು ಗಂಟನ್ನು ಮನೆಯಿಂದ ಹೊರಗೆ ಕಳಿಸಿ, ಬೇರೆಯವರ ಮನೆಯಲ್ಲಿ ಇಡುತ್ತಾರೆ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಅನುಕೂಲವಾದ ದಿನ ಅಲ್ಲಿಂದಲೇ ಗಂಟು ಎತ್ತಿಕೊಂಡು ನಡೆದುಬಿಡಬೇಕು. ಅದನ್ನು ತಿರುಗಿ ಮನೆಗೆ ಮಾತ್ರ ಒಯ್ಯಬಾರದು. ಒಯ್ದರೆ ಪ್ರಯಾಣ ಕೆಟ್ಟಿತು ಎಂದೇ ಲೆಕ್ಕ.

ಹಾಗೆ ಆ ಬೆಳಿಗ್ಗೆ ನಮ್ಮ ಮನೆಗೆ ಅವಳ ಚೀಲ ಬಂತು. ನೀಲಿ ಬಣ್ಣದ ದಪ್ಪ ಬಟ್ಟೆಯದು. ಒಳಗೆ ಅರಿಶಿನ ಹಚ್ಚಿದ ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಅಡಿಕೆ, ಒಂದು ಸೀರೆ. ಓಣಿಯ ಹೆಂಗಸರು ಅವಳಿಗೆ ಉಡಿ ತುಂಬಿದರು. ಕೆಲವರು ಅತ್ತರು. ಅಮ್ಮ ಚೀಲವನ್ನು ಎರಡೂ ಕೈಯಿಂದ ಇಸಿದುಕೊಂಡು ಗೂಟಕ್ಕೆ ಹಾಕಿ, ಕೆಳಗೆ ದೀಪ ಹಚ್ಚಿಟ್ಟು, ವೃಂದಾಳಿಗೆ ತನ್ನ ಕಾಯಿದೆ ಹೇಳಿದಳು.

"ಇನ್ನ ನೀ ಇದನ್ನ ನೋಡಬಾರದು ನೋಡವಾ. ಹೋಗೋ ದಿನ ಬಾ, ತೊಗೋ, ಹಂಗೇ ನಡಿ. ಅಲ್ಲಿತನಕ ನಮ್ಮ ಹೊಸ್ತಿಲ ಒಳಗ ಬರಬ್ಯಾಡ."

"ಹೋಗ್ಲಿಕ್ಕೆ ಇನ್ನೇನ್ ಬಹಳ ದಿನ ಇಲ್ಲಲ್ಲ ಅಜ್ಜಿ" ಎಂದು ವೃಂದಾ ನಕ್ಕಳು.

ಆ ತಿಂಗಳು ಮುಗಿಯುವ ಮೊದಲೇ ಊರಿಗೆ ಊರೇ ಬಾಗಿಲು ಹಾಕಿತು. ವಿಮಾನ ನಿಂತವು. ಅದರ ಜೊತೆಗೇ ಆ ದೇಶದ ಆದೇಶ ಬಂತು. ಮಾರ್ಚ್ ತಿಂಗಳ ಒಂದು ತಾರೀಕಿನೊಳಗೆ ಕೊನೆಯ ಮಂಜೂರಾತಿ ಪತ್ರ ಸಿಕ್ಕವರು ಬರಬಹುದು, ನಂತರ ಸಿಕ್ಕವರು ಮುಂದಿನ ಅಪ್ಪಣೆಯ ತನಕ ಕಾಯಬೇಕು. ವೃಂದಾಳ ಪತ್ರ ಆ ತಾರೀಕಿನ ನಂತರದ್ದು.

ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಮುಖಕ್ಕೆ ಪಂಚೆಯ ಸೆರಗು ಕಟ್ಟಿಕೊಂಡು, ಶ್ರೀಪಾದರಾಯರು ನನ್ನ ಓದನ್ನು ಕೇಳಿದರು. ಎರಡು ಸಲ ಓದಿಸಿದರು. ಆಮೇಲೆ ಅವರ ಮುಖ ಅರಳಿತು.

"ಅಲ್ಲವಾ ಜಯಾ, ಇದು ನಮಗ ಹತ್ತಂಗೇ ಇಲ್ಲಲ್ಲ. ಪ್ರಸ್ಥಾನ ಇಟ್ಟದ್ದು ಆ ತಾರೀಕಿಗಿಂತ ಮೊದಲ. ಆಕಿ ಆವಾಗೇ ಹೊರಟಾಗೇದ. ಹೊರಟವರನ್ನ ನಡು ದಾರ್ಯಾಗ ನಿಲ್ಲಸಲಿಕ್ಕೆ ಬರ್ತದೇನು? ಅವರಿಗೆ ಇದನ್ನ ಬರದು ತಿಳಸು."

ನಾನು ನಗಲಿಲ್ಲ. ಅವರು ತಮಾಷೆ ಮಾಡುತ್ತಿರಲಿಲ್ಲ. "ರಾಯರೇ, ಅವರಿಗೆ ಇದು ಅರ್ಥ ಆಗೂದಿಲ್ಲ" ಎಂದೆ. "ನೀ ಅರ್ಥ ಆಗೋ ಹಂಗ ಬರಿ, ಅದಕ್ಕೇ ಅಲ್ಲೇನು ನಿನ್ನ ಹತ್ರ ಬಂದದ್ದು" ಎಂದರು. ಬರೆದೆ. ನಮ್ಮ ಮನೆತನಗಳ ಪದ್ಧತಿಯಂತೆ ಅರ್ಜಿದಾರಳ ಪ್ರಯಾಣ ಇಂಥ ದಿನವೇ ಆರಂಭವಾಗಿದೆ, ಆಕೆಯ ಸಾಮಾನು ಮನೆ ಬಿಟ್ಟು ಹೊರಟಿದೆ, ದಯವಿಟ್ಟು ಪರಿಗಣಿಸಬೇಕು. ನನ್ನ ಜೀವಮಾನದಲ್ಲೇ ನಾನು ಬರೆದ ಅತ್ಯಂತ ಚೆಂದದ ಇಂಗ್ಲಿಷ್ ಅದು. ನಿಮ್ಮ ಸಂದೇಶ ತಲುಪಿದೆ ಎಂದು ಯಂತ್ರ ಉತ್ತರ ಕೊಟ್ಟಿತು. ರಾಯರು ಆ ಉತ್ತರವನ್ನು ಕಾಗದದಲ್ಲಿ ಬರೆಸಿಕೊಂಡು ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡು ಓಡಾಡಿದರು.

ಇತ್ತ ಆಚಾರ್ಯರನ್ನೂ ಕೇಳಿದರು. ಪ್ರಸ್ಥಾನಕ್ಕೂ ಅವಧಿ ಇದೆಯಲ್ಲ, ಎಷ್ಟು ದಿನ ತಡೆಯುತ್ತದೆ? ರಾಜನೇ ದಾರಿ ಮುಚ್ಚಿದ ದಿನಗಳು ಲೆಕ್ಕಕ್ಕಿಲ್ಲ ಎಂದು ಅವರು ಫೋನಿನಲ್ಲೇ ತೀರ್ಮಾನ ಕೊಟ್ಟರು. ಅಮ್ಮನಿಗೆ ಅದು ಬಹಳ ಹಿಡಿಸಿತು. "ನಿನ್ನ ಆ ದೇಶದವರಿಗಿಂತ ನಮ್ಮ ಆಚಾರ್ಯರು ವಾಸಿ ಬಿಡವಾ. ಆದರೆ-ಗೀದರೆ ಇಲ್ಲದೆ ಹೇಳಿದ್ರು" ಎಂದಳು.

ಹೀಗೆ ಚೀಲ ಉಳಿಯಿತು. ಬಳ್ಳಾರಿಯ ಬೇಸಿಗೆ ಏರಿತು. ಕೋಟೆಯ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಊರಿನ ಮೇಲೆ ಕಾವು ಉಗುಳುತ್ತಿದ್ದವು. ಕಾಲೇಜು ಮುಚ್ಚಿದ್ದರಿಂದ ನಾನು, ಅಮ್ಮ ಮತ್ತು ಆ ಚೀಲ, ಮೂವರೇ ಮನೆಯಲ್ಲಿ. ಮೂವರೇ ಎಂದು ಬೇಕೆಂದೇ ಬರೆದಿದ್ದೇನೆ. ಚಪ್ಪಲಿ ಮೆಟ್ಟಿಕೊಂಡು ಹೊರಡಲು ನಿಂತ ನೆಂಟರು ಮನೆಯಲ್ಲಿದ್ದರೆ ಹೇಗಿರುತ್ತದೋ ಹಾಗಿತ್ತು. ಜೋರಾಗಿ ಮಾತಾಡಲು ಸಂಕೋಚ. ಪಡಸಾಲೆಯಲ್ಲಿ ಕಾಲು ಚಾಚಿ ಮಲಗಲು ಸಂಕೋಚ. ಕರೆಂಟು ಹೋಗಿ ಫ್ಯಾನು ನಿಂತ ಮಧ್ಯಾಹ್ನಗಳಲ್ಲೂ ಚೀಲ ಒಮ್ಮೊಮ್ಮೆ ಮೆಲ್ಲಗೆ ಒಂದು ಸುತ್ತು ತಿರುಗಿ ನಿಲ್ಲುತ್ತಿತ್ತು. "ಅವಸರ ಮಾಡ್ಲಿಕತ್ತದ ನೋಡು" ಎನ್ನುತ್ತಿದ್ದಳು ಅಮ್ಮ, ಹತ್ತಿ ಹಿಂಜಿ ಹೂಬತ್ತಿ ಮಾಡುತ್ತ. ನಾನು ಬೈಯುತ್ತಿದ್ದೆ. ಆಮೇಲೆ ಕದ್ದು ನೋಡುತ್ತಿದ್ದೆ.

ವೃಂದಾಳ ಪಾಡು ಚೀಲಕ್ಕಿಂತ ಕಡೆ. ಅವಳನ್ನು ಎಲ್ಲರೂ ಬೀಳ್ಕೊಟ್ಟಾಗಿತ್ತು. ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು, ತನ್ನ ಸ್ಕೂಟಿ ಮಾರಿದ್ದಳು. ಅವಳ ಕೋಣೆಯಲ್ಲಿ ರಾಯರು ಅಕ್ಕಿ ಮೂಟೆ ಇಟ್ಟುಕೊಂಡಿದ್ದರು. ಹಾಲಿಗೆ ಹೋದರೆ, ತರಕಾರಿಗೆ ಹೋದರೆ ಅದೇ ಪ್ರಶ್ನೆ, "ಅಯ್ಯ, ನೀನಿನ್ನೂ ಇಲ್ಲೇ ಇದ್ದೀಯಾ?" ಕೇಳುವವರಲ್ಲಿ ಕೆಟ್ಟತನವಿರಲಿಲ್ಲ. ಆದರೂ ಸತ್ತವಳು ಎದ್ದು ಬಂದ ಹಾಗೆ ನೋಡುತ್ತಿದ್ದರು. ಅವಳು ಹಗಲು ಹೊರಗೆ ಬರುವುದನ್ನೇ ಬಿಟ್ಟಳು. ಸಂಜೆ ಮುಖ ಮುಚ್ಚಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಒಳಗಿನಿಂದ ಅಮ್ಮ, ಹೊರಗಿನಿಂದ ಅವಳು, ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುತ್ತಿದ್ದರು.

"ಹೆಂಗ್ ಅದ ಅಜ್ಜಿ ಅದು?"

"ಚೊಲೋ ಅದ. ನಿನಗಿಂತ ಚೊಲೋ ಅದ. ನೀ ಊಟ ಮಾಡೀಯೇನು?"

ಮಳೆಗಾಲದ ಹೊತ್ತಿಗೆ ರೋಗ ಹೆಚ್ಚಿ, ಲ್ಯಾಬಿನವರು ಅವಳನ್ನು ತಿರುಗಿ ಕರೆದರು. ಮೂಗಿನ ದ್ರವ ತೆಗೆಯುವ ತಂಡದ ಜೊತೆ ಒಂದು ದಿನ ಸಿರುಗುಪ್ಪ, ಒಂದು ದಿನ ಕುರುಗೋಡು ಎಂದು ಜೀಪಿನಲ್ಲಿ ಸುತ್ತಿದಳು. ಸಿರುಗುಪ್ಪದಲ್ಲಿ ಒಮ್ಮೆ ಬಿಳಿ ನಿಲುವಂಗಿ, ಮುಖದ ಮುಸುಕು ತೊಟ್ಟು ಕುರ್ಚಿಯ ಮುಂದೆ ನಿಂತಿದ್ದಾಗ ಸಾಲಿನಲ್ಲಿ ಬಂದು ಕೂತವರು ಅವಳ ಹಳೆಯ ಅತ್ತೆ. ಗುರುತು ಹತ್ತಲಿಲ್ಲ. "ಮೆಲ್ಲಕ ಮಾಡವಾ ತಾಯಿ, ನಿನಗ ಪುಣ್ಯ ಬರ್ತದ" ಎಂದರಂತೆ. ಇದನ್ನು ಹೇಳುವಾಗ ವೃಂದಾ ನಗುತ್ತಿದ್ದಳು.

ಅದೇ ಮಳೆಗಾಲದ ಒಂದು ಸಂಜೆ ಅಡುಗೆಮನೆಯಿಂದ ಬಂದವಳು ಗೂಟದ ಮುಂದೆ ವೃಂದಾ ನಿಂತಿದ್ದನ್ನು ನೋಡಿದೆ. ತಲೆ ಬಗ್ಗಿಸಿ, ಚೀಲದ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು. "ಅಯ್ಯೋ, ಒಳಗ ಯಾಕ್ ಬಂದೀ?" ಎಂದೆ. ದೀಪ ಹಾಕಿದರೆ ಅಲ್ಲಿ ಯಾರೂ ಇಲ್ಲ. ಬಾಗಿಲಿಗೆ ಅಗುಳಿ ಹಾಕೇ ಇತ್ತು. ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಂತು. ಜೀಪು ತೆಕ್ಕಲಕೋಟೆಯ ಹತ್ತಿರ ಕೆಟ್ಟು ನಿಂತಿದೆ, ಅಪ್ಪನಿಗೆ ಹೇಳಿಬಿಡಿ ಎಂದಳು. ಸತ್ತವರು ಕಾಣಿಸಿಕೊಳ್ಳುವ ಕತೆ ಬೇಕಾದಷ್ಟು ಕೇಳಿದ್ದೆ. ಹೋಗಲಾರದವರೂ ಕಾಣಿಸುತ್ತಾರೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಅವಳಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ.

ದಸರಾ ಹೊತ್ತಿಗೆ ರಾಯರಿಗೇ ಧೈರ್ಯ ಕುಂದಿತು. ಚೀಲ ಮನೆಗೆ ತಂದುಬಿಡೋಣ, ಹಣೇಬರದಾಗ ಇಲ್ಲ ಅಂದುಕೊಳ್ಳೋಣ ಎಂದರು. ಆ ದಿನ ಒಂದೇ ಸಲ ವೃಂದಾ ನಮ್ಮ ಕಟ್ಟೆಯ ಮೇಲೆ ದನಿ ಏರಿಸಿದ್ದು.

"ಒಮ್ಮೆ ಆ ಪೆಟಗಿ ಹೊತಗೊಂಡು ಈ ಓಣ್ಯಾಗ ಬಂದೀನಿ ಅಪ್ಪಾ. ಎಲ್ಲಾರೂ ನೋಡ್ಯಾರ. ಇನ್ನೊಮ್ಮೆ ಈ ಚೀಲ ಹಿಡಕೊಂಡು ತಿರುಗಿ ಬರಾಂಗಿಲ್ಲ. ಬೇಕಾದ್ರ ಅದು ಅಲ್ಲೇ ಕೊಳೀಲಿ."

ರಾಯರು ಎದ್ದು ಹೋದರು. ಒಳಗೆ ಅಮ್ಮ, "ಕೊಳಿಯಾಂಗಿಲ್ಲ ಬಿಡು, ಅರಿಶಿನ ಹಚ್ಚೇದ" ಎಂದಳು. ಅಳುತ್ತಿದ್ದವಳು ಬಾಗಿಲಿಗೆ ಬೆನ್ನು ಹಾಕಿಯೇ ನಕ್ಕಳು. ಅವಳಿಗೆ ಆ ದೇಶದಿಂದ ಬೇಕಾದದ್ದು ದೊಡ್ಡದೇನೂ ಅಲ್ಲ ಎಂದು ನನಗೆ ಆಗ ತಿಳಿಯಿತು. ಯಾರೂ ಕಿಟಕಿಯಲ್ಲಿ ನಿಂತು ನೋಡದ ಒಂದು ಬಾಗಿಲು, ಅಷ್ಟೇ. ಅದಕ್ಕಾಗಿ ನಾನು ಆ ಆದೇಶಗಳನ್ನು ಮೊದಲಿಗಿಂತ ಹಟ ಹಿಡಿದು ಓದತೊಡಗಿದೆ.

ಮರುವರ್ಷದ ಬೇಸಿಗೆ ಬಂತು, ಎರಡನೆಯ ಅಲೆಯೂ ಬಂತು. ಆಂಬುಲೆನ್ಸಿನ ಸದ್ದು ನಿಂತರೆ ಆಗ ಭಯವಾಗುವಂಥ ದಿನಗಳು. ಅಂಥ ಒಂದು ಬೆಳಿಗ್ಗೆ ವೃಂದಾಳಿಗೆ ಆ ದೇಶದವರ ಮೇಲ್ ಬಂತು. ಅಪ್ಪಣೆ ಸಿಕ್ಕಿದೆ. ಹಳೆಯ ವೈದ್ಯಕೀಯ ಪರೀಕ್ಷೆಯ ಅವಧಿ ಮುಗಿಯುವುದರೊಳಗೆ ಅಲ್ಲಿಯ ನೆಲ ಮುಟ್ಟಬೇಕು. ಕೂತು ಲೆಕ್ಕ ಹಾಕಿದೆವು, ಅವಳು ಕಟ್ಟೆಯ ಮೇಲೆ, ನಾನು ಹೊಸ್ತಿಲ ಮೇಲೆ. ಆ ವಾರದ ಕೊನೆಗೆ ಒಂದು ವಿಮಾನವಿತ್ತು. ಅದರ ನಂತರ ಇಲ್ಲಿಂದ ಹೋಗುವ ವಿಮಾನಗಳನ್ನು ನಿಲ್ಲಿಸುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಈ ಸಲ ಆದರೆ ಎಂಬುದಿರಲಿಲ್ಲ. ಒಳಗೆ ತಿರುಗಿ ಅಮ್ಮನಿಗೆ ಕೂಗಿ ಹೇಳಿದೆ, "ಹೋಗಬಹುದು ಅಮ್ಮಾ, ಬರೇ ಹೋಗಬಹುದು!"

"ಗೊತ್ತಿತ್ತು" ಎಂದಳು ಅಮ್ಮ. "ನಿನ್ನೆಯಿಂದ ಅದು ತಿರುಗೋದು ನಿಲ್ಲಿಸೇದ."

ಎರಡು ದಿನ ಬಿಟ್ಟು, ಮಧ್ಯಾಹ್ನದ ಊಟವಾದ ಮೇಲೆ, ಚೀಲದ ಕೆಳಗೆ ಗೋಡೆಗೆ ಒರಗಿ ಹೂಬತ್ತಿ ಮಾಡುತ್ತ ಕೂತಿದ್ದ ಅಮ್ಮ ಹಾಗೇ ಕಣ್ಣು ಮುಚ್ಚಿದಳು. ನಿದ್ದೆ ಬಂತು ಅಂದುಕೊಂಡು ನಾನು ದಿಂಬು ತಂದೆ. ಬೆರಳ ನಡುವೆ ಅರ್ಧ ಹೊಸೆದ ಬತ್ತಿ ಇತ್ತು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ವೃಂದಾಳೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ರೋಗವಿಲ್ಲ ಎಂದು ಕಾಗದ ತಂದುಕೊಟ್ಟಳು. ಆದರೆ ಜನರ ಕಣ್ಣಿಗೆ ಆ ಬೇಸಿಗೆಯಲ್ಲಿ ಸತ್ತವರೆಲ್ಲ ಒಂದೇ ರೋಗದಿಂದ ಸತ್ತವರು. ನಮ್ಮ ದೊಡ್ಡಪ್ಪನ ಮಗನೊಬ್ಬ ಬಂದು ಸಂಸ್ಕಾರ ಮಾಡಿ, ಸ್ಮಶಾನದಿಂದಲೇ ತನ್ನ ಮನೆಗೆ ಹೋದ. ಓಣಿಯವರು ಬಾಗಿಲ ಸಂದಿಯಿಂದ ಕೈ ಮುಗಿದರು. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅನ್ನ ತಂದಿಡುವುದು ವಾಡಿಕೆ. ಯಾರೂ ತರಲಿಲ್ಲ. ಬೇಸರವಾಯಿತೇ ಎಂದರೆ ಆಗ ಅದೂ ಆಗಲಿಲ್ಲ. ನಾನು ಅಮ್ಮ ಒರಗಿದ್ದ ಜಾಗದ ಎದುರು ಕೂತು ಚೀಲವನ್ನು ನೋಡುತ್ತಿದ್ದೆ. ಹಸಿವು ಎಂಬುದು ಬೇರೆ ಯಾರದೋ ಮನೆಯ ಸಮಾಚಾರವಾಗಿತ್ತು.

ಮರುದಿನ ಶ್ರೀಪಾದರಾಯರು ಫೋನ್ ಮಾಡಿದರು. ಅಮ್ಮನ ಬಗ್ಗೆ ಮಾತಾಡಿ, ಅತ್ತು, ಆಮೇಲೆ ತಡವರಿಸುತ್ತ ವಿಷಯಕ್ಕೆ ಬಂದರು. ಆಚಾರ್ಯರನ್ನು ಕೇಳಿದ್ದಾರೆ. ಸೂತಕದ ಮನೆಯ ಪ್ರಸ್ಥಾನ ಕೆಟ್ಟಂತೆ. ಹೊಸದಾಗಿ ಇಡಬೇಕು, ಅದಕ್ಕೆ ಮುಹೂರ್ತ ಮುಂದಿನ ತಿಂಗಳು.

"ಸಾವಿನ ಮನಿಯಿಂದ ಎತ್ತಿಕೊಂಡು ಯಾರಾದ್ರೂ ಹೊರಡ್ತಾರೇನವಾ? ಇದು ಬ್ಯಾಡ ಅಂತ ದೇವರೇ ಹೇಳಿದಂಗಾತು. ಆಕೀಗೂ ಹೇಳೀನಿ."

"ರಾಯರೇ, ಮುಂದಿನ ತಿಂಗಳು ವಿಮಾನ ಇರೂದಿಲ್ಲ. ಪರೀಕ್ಷೆಯ ಅವಧಿನೂ ಮುಗೀತದ."

"ಅದು ನಿನ್ನ ಕಾಗದದ ಮಾತು" ಎಂದು ಫೋನ್ ಇಟ್ಟರು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಗಳು ದಾರಿಯಲ್ಲಿ ಎಲ್ಲಿ ಸಾಯುತ್ತಾಳೋ ಎಂದು ಅವರು ಹೆದರಿದ್ದರು, ಆ ದಿನಗಳಲ್ಲಿ ಹೆದರದವರು ಯಾರಿದ್ದರು?

ವಿಮಾನದ ಹಿಂದಿನ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು. ವೃಂದಾ. ಎಂದಿನಂತೆ ಬಾಗಿಲಿಗೆ ಬೆನ್ನು ಹಾಕಿ ಕೂರಲಿಲ್ಲ. ಹೊಸ್ತಿಲ ಮುಂದೆ ನಿಂತು ಒಂದು ಗಳಿಗೆ ಒಳಗೆ ನೋಡಿದಳು. ಹದಿಮೂರು-ಹದಿನಾಲ್ಕು ತಿಂಗಳ ಮೇಲೆ ಅವಳು ಆ ಚೀಲ ನೋಡಿದ್ದು ಆಗಲೇ. ಆಮೇಲೆ ಒಳಗೆ ಬಂದಳು.

"ವೃಂದಾ, ಸೂತಕ ಅದ" ಎಂದೆ.

"ಗೊತ್ತದ ಜಯಕ್ಕ. ಇದೊಂದು ಕಾಯಿದೆ ನೀವು ಓದಬ್ಯಾಡ್ರಿ. ನಾನೇ ಓದ್ಕೊಂಡೀನಿ."

ಗೂಟದಿಂದ ಚೀಲ ಇಳಿಸಿದಳು. ನೆಲದ ಮೇಲೆ ಇಟ್ಟು ಬಾಯಿ ಬಿಚ್ಚಿದಳು. ಒಳಗಿನಿಂದ ಅರಿಶಿನದ ವಾಸನೆ ಮನೆ ತುಂಬ ಹರಡಿತು. ಅಮ್ಮ ಹೇಳಿದ್ದು ಸರಿ, ಅಕ್ಕಿಗೆ ಒಂದು ಹುಳವೂ ಬಿದ್ದಿರಲಿಲ್ಲ. ಬೊಗಸೆ ತುಂಬ ತೆಗೆದುಕೊಂಡು ಸೀದಾ ಅಡುಗೆಮನೆಗೆ ಹೋದಳು. ಒಲೆ ಹಚ್ಚಿದ ಸದ್ದು ಕೇಳಿ ನಾನು ಎದ್ದು ಹೋದೆ.

"ದಾರೀಗೆ ಅಂತ ಕಟ್ಟಿದ್ದ ಅಕ್ಕಿ ಅದು, ಮುಟ್ಟಬಾರದು."

"ದಾರಿ ಇಲ್ಲಿಂದನ ಶುರು ಆಗ್ತದಲ್ಲ. ನೀವು ಎಷ್ಟು ದಿನ ಆತು ಉಂಡು?"

ಉತ್ತರ ಹೇಳಲು ಹೋಗಿ ಅತ್ತುಬಿಟ್ಟೆ. ಅಮ್ಮ ಹೋದ ಮೇಲೆ ಅಳು ಬಂದದ್ದು ಆಗಲೇ ಮೊದಲು. ಅವಳು ಸಮಾಧಾನ ಮಾಡಲಿಲ್ಲ, ಅನ್ನ ಬಸಿದಳು. ಹಳದಿ ಅನ್ನ, ಒಗ್ಗರಣೆಯಿಲ್ಲ, ಬರೀ ಮೊಸರು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಉಂಡೆವು. ಸೂತಕದ ಮನೆಯಲ್ಲಿ, ಪ್ರಯಾಣಕ್ಕೆ ಹೊರಟವಳು, ಪ್ರಯಾಣದ ಅಕ್ಕಿಯನ್ನೇ ಬೇಯಿಸಿ. ಎಷ್ಟು ಕಾಯಿದೆ ಮುರಿದವೋ ಲೆಕ್ಕ ಇಟ್ಟವರು ಇಡಲಿ. ಅಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ.

ಕಾರು ಓಣಿಯ ತುದಿಯಲ್ಲಿ ಕಾದಿತ್ತು. ರಾಯರು ಮನೆಯೊಳಗೇ ಉಳಿದಿದ್ದರು. ದೊಡ್ಡ ಸೂಟ್‌ಕೇ‍ಸು ಆಗಲೇ ಕಾರಿನಲ್ಲಿತ್ತು. ವೃಂದಾ ನೀಲಿ ಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆ ದಾಟಿ ಹೊಸ್ತಿಲಿಗೆ ಬಂದು, ನಿಂತುಬಿಟ್ಟಳು.

ಏಕೆ ನಿಂತಳೆಂದು ನನಗೆ ಕೂಡಲೇ ತಿಳಿಯಿತು. ನಮ್ಮಲ್ಲಿ ದೂರ ಹೋಗುವವರು ಹೋಗಿ ಬರ್ತೀನಿ ಎಂದು ಹೇಳಿಯೇ ಹೊಸ್ತಿಲು ದಾಟಬೇಕು. ಹೇಳದಿದ್ದರೆ ತಿರುಗಿ ಬರುವುದಿಲ್ಲ ಎಂದರ್ಥ. ಸಾವಿನ ಮನೆಯಿಂದ ಹೊರಡುವವರು ಅದೇ ಮಾತನ್ನು ಹೇಳಲೇಬಾರದು. ಹೇಳಿದರೆ ಇನ್ನೊಂದು ಸಾವಿಗೆ ಕರೆ ಕೊಟ್ಟಂತೆ. ಸುಮ್ಮನೆ ಎದ್ದು ಹೋಗಿಬಿಡಬೇಕು. ಅವಳು ತಿರುಗಿ ನನ್ನ ಮುಖ ನೋಡಿದಳು. ಒಂದು ವರ್ಷ ಮೂರು ಸರಕಾರಗಳ ಆದೇಶಗಳನ್ನು ಓದಿ ಓದಿ ಹೇಳಿದ್ದ ನನಗೆ ಆ ಒಂದನ್ನು ಹೇಳಲು ಬರಲಿಲ್ಲ.

ಅವಳು ನನ್ನನ್ನು ದಾಟಿ ಹಿಂದೆ ನೋಡಿದಳು. ಬರಿದಾದ ಗೂಟದ ಕೆಳಗೆ, ಅಮ್ಮ ಒರಗಿದ್ದ ಜಾಗದಲ್ಲಿ, ಸೂತಕದ ದೀಪ ಉರಿಯುತ್ತಿತ್ತು.

"ಹೋಗಿ ಬರ್ತೀನಿ ಅಜ್ಜಿ" ಎಂದಳು. ಮೆಲ್ಲಗಲ್ಲ, ದಿನಾ ಕಟ್ಟೆಯಿಂದ ಮಾತಾಡುತ್ತಿದ್ದಷ್ಟೇ ಗಟ್ಟಿಯಾಗಿ. ಹೊಸ್ತಿಲು ದಾಟಿದಳು. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಅವಳು ಯಾವುದನ್ನೂ ನೋಡದೆ ನಡೆದು ಹೋದಳು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಅವಳ ಫೋನು ಹತ್ತಲಿಲ್ಲ. ಆ ಮಾತು ಮನೆಯೊಳಗೇ ಉಳಿದಿತ್ತು. ದೀಪ ಅಲುಗಿದರೆ ಅದು, ಬಾಗಿಲು ಕಿರ್ ಎಂದರೆ ಅದು. ತನಗೆ ಹೇಳಿ ಹೋದವಳನ್ನೇ ಅಮ್ಮ ಕರೆದುಕೊಂಡಾಳೆಂಬ ಭಯ ನನ್ನನ್ನು ಹಿಡಿದಿತ್ತು. ದೀಪದ ಮುಂದೆ ಕೂತು ಅಮ್ಮನನ್ನು ಬೇಡಿಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಫೋನಿಗೆ ಅವಳಿಂದ ಚಿತ್ರವೊಂದು ಬಂತು. ಯಾವುದೋ ಕೋಣೆ, ಬಿಳಿ ಬಾಗಿಲು, ಬಾಗಿಲ ಹಿಂದಿನ ಕೊಕ್ಕೆಗೆ ನೀಲಿ ಚೀಲ. ರಾಯರಿಗೆ ಒಯ್ದು ತೋರಿಸಿದೆ. ಅವರು ಚಿತ್ರದ ಮೇಲೆ ಬೆರಳಾಡಿಸಿ, "ಅಕ್ಕಿ ಕಮ್ಮಿ ಆದಂಗ್ ಕಾಣ್ತದಲ್ಲ" ಎಂದರು.

ಆ ಮನೆಯಲ್ಲಿ ಒಬ್ಬಳೇ ಇರಲು ನನಗೆ ಆಗಲಿಲ್ಲ. ಸಿರುಗುಪ್ಪದಲ್ಲೇ ಕೋಣೆ ಮಾಡಿದೆ. ವೃಂದಾ ಪ್ರತಿ ಬೇಸಿಗೆಗೂ ಬರುತ್ತೇನೆ ಎನ್ನುತ್ತಾಳೆ. ಒಮ್ಮೆ ಕೆಲಸ, ಒಮ್ಮೆ ಕಾಗದ. ರಾಯರು ಕಾದು ಕಾದು ಹೋದ ವರ್ಷ ತೀರಿಕೊಂಡರು. ಅದಕ್ಕೂ ಬರಲಾಗಲಿಲ್ಲ. ಫೋನಿನಲ್ಲಿ, "ಜಯಕ್ಕ, ನಾ ಅಜ್ಜಿಗೆ ಹೇಳಿ ಬಂದೀನಿ, ಅಪ್ಪಗ ಹೇಳೇ ಇಲ್ಲ" ಎಂದಳು.

ಹುಸೇನಪ್ಪ ಚಾ ಕುಡಿದು ಬಂದ. ಸುತ್ತಿಗೆ ಕೈಯಲ್ಲೇ ಇತ್ತು.

"ಕೀಳಲೇನ್ರಿ ಮೇಡಂ?"

"ಬ್ಯಾಡಪ್ಪ. ಗೂಟ ಇರಲಿ. ಒಬ್ಬಾಕಿ ಹೋಗಿ ಬರ್ತೀನಿ ಅಂತ ಹೇಳಿ ಹೋಗ್ಯಾಳ. ಬಂದ್ರೆ ಚೀಲ ಹಾಕ್ಲಿಕ್ಕೆ ಬೇಕು."

"ಯಾರಿಗಿ ಹೇಳಿ ಹೋಗ್ಯಾರ್ರಿ, ನಿಮಗಾ?"

"ನಮ್ಮ ಅಮ್ಮಗ."

"ಅವ್ರು ಈಗ ಎಲ್ಲಿ ಅದಾರ್ರಿ?"

ನಾನು ಗೋಡೆಯ ಕಡೆ ನೋಡಿದೆ. ಹುಸೇನಪ್ಪ ಸುತ್ತಿಗೆ ಕೆಳಗಿಟ್ಟು ಕುಂಚ ತೆಗೆದುಕೊಂಡ. ಗೂಟಕ್ಕೆ, ಅದರ ಕೆಳಗಿನ ಹಳದಿ ಕಲೆಗೆ ತಾಗದ ಹಾಗೆ ಸುತ್ತಲೂ ಬಿಟ್ಟು ಸುಣ್ಣ ಬಳಿದ.